ದೂರದ ಶಾಲೆಯಿಂದ ಮೊದಲು



ಹೊರದೇಶದ ಶಾಲೆಗಳ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳಿಬರುವ ಹೆಸರು ಫಿನ್ಲೆಂಡ್. ಅಲ್ಲಿ ಹೋಂವರ್ಕ್ ಇಲ್ಲವಂತೆ, ಪರೀಕ್ಷೆ ಇಲ್ಲವಂತೆ, ಏಳು ತುಂಬುವ ವರ್ಷ ಬರುವ ತನಕ ಒಂದನೇ ತರಗತಿಗೇ ಸೇರಿಸುವುದಿಲ್ಲವಂತೆ. ಏಳು ವರ್ಷದ ಮಾತು ನಿಜ, ಮಿಕ್ಕಿದ್ದು ಅರ್ಧ ನಿಜ. ಈ ಅಂತೆಕಂತೆಗಳ ನಡುವೆ ನಮಗೆ ನಿಜಕ್ಕೂ ಬೇಕಾದ ಸಂಗತಿಯೊಂದು ಮರೆತೇ ಹೋಗುತ್ತದೆ. ಈ ಸಂಜೆ ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ಅರವತ್ತರ ದಶಕದವರೆಗೂ ಫಿನ್ಲೆಂಡಿನಲ್ಲಿ ಹನ್ನೊಂದರ ವಯಸ್ಸಿಗೇ ಮಕ್ಕಳನ್ನು ಎರಡು ದಾರಿಗೆ ಹಚ್ಚುತ್ತಿದ್ದರು. ಅನುಕೂಲಸ್ಥರ ಮಕ್ಕಳು ಹೆಚ್ಚಾಗಿ ಶುಲ್ಕ ಕಟ್ಟುವ ಪ್ರೌಢಶಾಲೆಗೆ ಹೋಗುತ್ತಿದ್ದರು, ಉಳಿದವರ ಓದು ಬೇಗ ಮುಗಿಯುತ್ತಿತ್ತು. 1968ರಲ್ಲಿ ಅವರ ಸಂಸತ್ತು ಕಾನೂನು ಮಾಡಿ, ಎಲ್ಲ ಮಕ್ಕಳಿಗೂ ಒಂಬತ್ತು ವರ್ಷದ ಒಂದೇ ಶಾಲೆ ಎಂದು ತೀರ್ಮಾನಿಸಿತು. ಅದನ್ನು ಜಾರಿಗೆ ತಂದ ಕ್ರಮ ನೋಡಿ. 1972ರಲ್ಲಿ ಹೊಸ ಶಾಲೆ ಮೊದಲು ಆರಂಭವಾದದ್ದು ದೇಶದ ಉತ್ತರದ ತುದಿಯಲ್ಲಿರುವ ಲ್ಯಾಪ್‌ಲೆಂಡಿನಲ್ಲಿ. ಹಿಮ ಸುರಿಯುವ, ಮನೆಗೂ ಮನೆಗೂ ಮೈಲಿಗಟ್ಟಲೆ ದೂರವಿರುವ ಸೀಮೆ ಅದು. ಅಲ್ಲಿಂದ ವರ್ಷ ವರ್ಷ ದಕ್ಷಿಣಕ್ಕೆ ಇಳಿದು, ರಾಜಧಾನಿ ಹೆಲ್ಸಿಂಕಿಯ ಸುತ್ತಮುತ್ತ ಬಂದು ಮುಟ್ಟುವಾಗ 1977. ರಾಜಧಾನಿಯ ಮಕ್ಕಳಿಗೆ ಕೊನೆಯ ಸರದಿ. 2000ನೇ ಇಸವಿಯಲ್ಲಿ ಹದಿನೈದರ ಮಕ್ಕಳಿಗಾಗಿ ನಡೆದ ಮೊದಲ ಪೀಸಾ ಪರೀಕ್ಷೆಯ ಓದಿನ ವಿಭಾಗದಲ್ಲಿ ಆ ದೇಶ ಜಗತ್ತಿಗೇ ಮೊದಲು ಬಂತು. ಅಷ್ಟರಲ್ಲಿ ಈ ಕೆಲಸಕ್ಕೆ ಕೈಹಾಕಿ ಮೂರು ದಶಕ ಕಳೆದಿತ್ತು.

ಈಗ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಪಶ್ಚಿಮದಲ್ಲಿ ಕಡಲು, ಅದರ ಬದಿಗೇ ಹೆದ್ದಾರಿ. ಹೆದ್ದಾರಿಯ ಆಚೀಚೆ ದೊಡ್ಡ ಶಾಲೆಗಳು, ಕಾಲೇಜುಗಳು, ಹಾಸ್ಟೆಲ್ಲುಗಳು. ಪೂರ್ವಕ್ಕೆ ಹೋದಂತೆ ಅಮಾಸೆಬೈಲು, ಹೊಸಂಗಡಿ, ಯಡಮೊಗೆ, ಜಡ್ಕಲ್, ಮುದೂರು. ಬ್ರಹ್ಮಾವರದ ಕಡೆಯಿಂದಾದರೆ ಕೊಕ್ಕರ್ಣೆಯ ಒಳಭಾಗ. ಹೊಸದು ಏನೇ ಬಂದರೂ ಹೆದ್ದಾರಿಯ ಬದಿಗೆ ಮೊದಲು ಬರುತ್ತದೆ, ಘಟ್ಟದ ಬುಡ ಮುಟ್ಟುವಷ್ಟರಲ್ಲಿ ಹಳತಾಗಿರುತ್ತದೆ. ಬೆಳಿಗ್ಗೆ ಹಳದಿ ವಾಹನಗಳು ಒಳನಾಡಿನ ಮಕ್ಕಳನ್ನು ತುಂಬಿಕೊಂಡು, ಊರಿನ ಸರ್ಕಾರಿ ಶಾಲೆಯ ಎದುರಿನಿಂದಲೇ ಪಶ್ಚಿಮಕ್ಕೆ ಓಡುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿದ್ದರೆ ಸಾಕು. ಐದು ತರಗತಿ, ಇಬ್ಬರು ಮಾಸ್ಟ್ರು. ಒಬ್ಬರು ಜನಗಣತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಉಳಿಯುವುದು ಒಬ್ಬರೇ. ಇದನ್ನು ನೋಡಿದ ತಾಯಿ ಮಗುವನ್ನು ವ್ಯಾನು ಹತ್ತಿಸಿದರೆ ಆಕೆಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಫಿನ್ಲೆಂಡಿನ ಶಿಕ್ಷಣ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಶಾಲೆ ಐದು ಕಿಲೋಮೀಟರಿಗಿಂತ ದೂರವಿದ್ದರೆ ಮಗುವಿಗೆ ಉಚಿತ ವಾಹನ ಸಿಗಬೇಕು. ಅದಕ್ಕಿಂತ ಹತ್ತಿರವಿದ್ದರೂ ದಾರಿ ಕಷ್ಟದ್ದೋ ಅಪಾಯದ್ದೋ ಆಗಿದ್ದರೆ ಆಗಲೂ ಸಿಗಬೇಕು. ನಮ್ಮ ದಾರಿಗಳ ಕತೆ ಬೇರೆ. 2022ರ ಆಗಸ್ಟ್ ತಿಂಗಳನ್ನು ನೀವ್ಯಾರೂ ಮರೆತಿರಲಿಕ್ಕಿಲ್ಲ. ಬೈಂದೂರು ತಾಲೂಕಿನ ಕಾಲ್ತೋಡು ಭಾಗದಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ, ತುಂಬಿ ಹರಿಯುತ್ತಿದ್ದ ಹೊಳೆಯ ಪಾಲಾದಳು. ಮರದ ಕಾಂಡ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದರೆ ನಮ್ಮಲ್ಲಿ ಅದು ಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಕೊಡೆ. ಶಾಲೆ ಚೆನ್ನಾಗಿದ್ದರೂ ಶಾಲೆಯ ದಾರಿ ಹೀಗಿದ್ದರೆ ಆ ಮಗುವಿನ ಮಟ್ಟಿಗೆ ಶಾಲೆ ಇದ್ದೂ ಇಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದೇನಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳಲ್ಲಿ ನೆರೆ, ಗುಡ್ಡಕುಸಿತ, ರಸ್ತೆಯಿಲ್ಲದ ಊರು, ಮಗುವಿನ ದಾರಿಯ ಅಪಾಯ, ಇವೆಲ್ಲವನ್ನೂ ಹೆಸರಿಸಿದ್ದಾರೆ. ಅಂಥ ಕಡೆ ಶಾಲೆಯ ದೂರದ ಮಿತಿ ಕಡಿಮೆ ಮಾಡಬೇಕು, ಶಾಲೆಯೇ ಇಲ್ಲದ ಸಣ್ಣ ಹಾಡಿಗಳಿಗೆ ಉಚಿತ ವಾಹನವನ್ನೋ ವಸತಿಯನ್ನೋ ಕೊಡಬೇಕು ಎಂದಿದೆ. ಫಿನ್ಲೆಂಡಿನಲ್ಲಿ ಅದು ಮಗುವಿನ ಹಕ್ಕೆಂದು ನಡೆಯುತ್ತದೆ. ನಮ್ಮಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ನಡೆಸಿ ಪಾಠ ಸರಿದೂಗಿಸುತ್ತಾರೆ. ರಜೆ ಬೇಕು, ತಪ್ಪಲ್ಲ. ಸಂಕವೂ ಬೇಕು.

ಇಂಥ ತೊಂದರೆಗಳ ಬಗ್ಗೆ ಮಕ್ಕಳ ಮಾತು ಕೇಳುವ ವಿಚಾರದಲ್ಲಿ ಜಗತ್ತಿಗೆ ಕಲಿಸಿದವರು ನಮ್ಮ ಕುಂದಾಪುರದ ಮಕ್ಕಳೇ ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. ಹೋಟೆಲ್ ಕೆಲಸಕ್ಕೆಂದು ನಮ್ಮ ಹುಡುಗರು ಬೆಂಗಳೂರು, ಮುಂಬೈ ಸೇರುತ್ತಿದ್ದ ಕಾಲವದು. ಹಾಗೆ ದುಡಿಯುವ ಮಕ್ಕಳ ಸಂಘಟನೆ ಭೀಮ ಸಂಘ. ಅದರ ಬೆನ್ನಿಗೆ ನಿಂತ ಸಿ.ಡಬ್ಲ್ಯು.ಸಿ. ಸಂಸ್ಥೆ ತೊಂಬತ್ತರ ದಶಕದ ನಡುವಿನಲ್ಲಿ ಕುಂದಾಪುರ ತಾಲೂಕಿನಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿತು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು, ಊರಿನ ತೊಂದರೆಗಳನ್ನು ತಾವೇ ಸಮೀಕ್ಷೆ ಮಾಡಿ ದೊಡ್ಡವರ ಮುಂದಿಟ್ಟರು. ಅವರು ಎತ್ತಿದ ವಿಷಯಗಳಲ್ಲಿ ಶಾಲೆಯ ದೂರವೂ ಇತ್ತು, ಕಾಲುಸಂಕವೂ ಇತ್ತು. 2006ರಲ್ಲಿ ಕರ್ನಾಟಕ ಸರ್ಕಾರ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಹೇಳಿತು. ಹೊರದೇಶದವರು ಇಲ್ಲಿಗೆ ಬಂದು ನೋಡಿ ಹೋದರು.

ಇನ್ನೊಬ್ಬರಿಂದ ಕಲಿಯುವುದು ಹೇಗೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕೂತು ಕಾರ್ಡುಗಳನ್ನು ಬರೆದರು. ಒಂದು ನಲಿ-ಕಲಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಇದ್ದಾರೆ. ನೆಲದ ಮೇಲೆ ಐದು ಗುಂಪು, ಗುಂಪಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಯಲ್ಲಿ ಟೀಚರ್ ಕೂತಿದ್ದಾರೆ. ಇನ್ನೊಂದರಲ್ಲಿ ದೊಡ್ಡ ಹುಡುಗಿ ಸಣ್ಣವನಿಗೆ ಹೇಳಿಕೊಡುತ್ತಿದ್ದಾಳೆ. ಮತ್ತೊಂದರಲ್ಲಿ ಮಗು ತಾನೊಂದೇ ಬರೆಯುತ್ತಿದೆ. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ ಮಗು ತಾನೇ ಹೋಗಿ ತನ್ನ ಕಾರ್ಡು ತೆಗೆಯುತ್ತದೆ. ವಾರ ಜ್ವರ ಬಂದು ಮಲಗಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಶುರು, ಹಿಂದೆ ಬಿದ್ದೆನೆಂಬ ನಾಚಿಕೆ ಇಲ್ಲ. "ನಂಗೆ ಬತ್ತಿಲ್ಲೆ" ಎಂದು ಮನೆಯ ಮಾತಿನಲ್ಲೇ ಹೇಳಿದರೂ ನಡೆಯುತ್ತದೆ. 2009-10ರಲ್ಲಿ ಇದು ರಾಜ್ಯವೆಲ್ಲ ಹಬ್ಬಿತು. ಆದೇಶದಿಂದ ಹಬ್ಬಿದ ಕಡೆ ಎಷ್ಟೋ ಶಾಲೆಗಳಲ್ಲಿ ಕಾರ್ಡು ಮಾತ್ರ ಉಳಿಯಿತು. ಮಾಡಿದ ಶಿಕ್ಷಕರಿಗೆ ಇದ್ದ ಹುರುಪನ್ನು ಸುತ್ತೋಲೆಯಲ್ಲಿ ಕಳಿಸಲಾಗುವುದಿಲ್ಲ. ಫಿನ್ಲೆಂಡ್ 1979ರಿಂದ ಶಾಲಾ ಶಿಕ್ಷಕರಿಗೆ ಸ್ನಾತಕೋತ್ತರ ಪದವಿ ಕಡ್ಡಾಯ ಮಾಡಿ, ಆಮೇಲೆ ಇನ್‌ಸ್ಪೆಕ್ಟರುಗಳ ಹುದ್ದೆಯನ್ನೇ ತೆಗೆದದ್ದು ಈ ಕಾರಣಕ್ಕೆ: ಚೆನ್ನಾಗಿ ಕಲಿಸಿ ತಯಾರು ಮಾಡಿದ ಮೇಲೆ ಶಿಕ್ಷಕರನ್ನು ನಂಬಬೇಕು.

ಜಪಾನಿನ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸಿ ಒರೆಸುತ್ತಾರೆ, ಊಟವನ್ನು ತಾವೇ ಬಡಿಸುತ್ತಾರೆ. ನಮ್ಮಲ್ಲೂ ಮಾಡಿಸಬಾರದೇಕೆ ಎಂದು ಕೇಳುವವರಿದ್ದಾರೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ಜಪಾನಿನಲ್ಲಿ ಡಾಕ್ಟರ ಮಗನೂ ಪೊರಕೆ ಹಿಡಿಯುತ್ತಾನೆ. ನಮ್ಮಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು. ಎಲ್ಲರ ಮಕ್ಕಳೂ ಒಂದೇ ಶಾಲೆಗೆ ಬಾರದೆ ಆ ಪಾಠ ಇಲ್ಲಿ ನಡೆಯದು.

ದಕ್ಷಿಣ ಕೊರಿಯಾದಿಂದ ಎಚ್ಚರಿಕೆ ಕಲಿಯಬೇಕು. ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿ ಉತ್ತರಿಸುವ ಹೊತ್ತಿನಲ್ಲಿ ಅಲ್ಲಿ ವಿಮಾನಗಳ ಹಾರಾಟವನ್ನೇ ನಿಲ್ಲಿಸುತ್ತಾರೆ. ರಾತ್ರಿ ಹತ್ತರ ನಂತರ ಟ್ಯೂಷನ್ ನಡೆಸಬಾರದೆಂದು ಸೋಲ್ ನಗರ ನಿಯಮ ಮಾಡಬೇಕಾಯಿತು. ನಮ್ಮ ಉಡುಪಿ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94, 2025ರ ದ್ವಿತೀಯ ಪಿಯುಸಿಯಲ್ಲಿ ಶೇ. 93.90 ಪಡೆದು ರಾಜ್ಯಕ್ಕೆ ಮೊದಲು ಬಂತು. ಸಂತೋಷ ಪಡೋಣ. ಆದರೆ ನೀಟ್ ಎನ್ನುತ್ತ ಹಾಸ್ಟೆಲ್ ಕೋಣೆಯಲ್ಲಿ ನಿದ್ದೆಗೆಡುವ ಹದಿನೇಳರ ಮಗುವಿನ ಪಾಡನ್ನು ಯಾವ ಶೇಕಡಾವಾರು ಹೇಳುತ್ತದೆ? ಮಕ್ಕಳಿಗಾಗಿ ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದ ಶಿವರಾಮ ಕಾರಂತರು ಹುಟ್ಟಿದ ಕೋಟ ನಮ್ಮದೇ ನೆಲ. ಸಂಜೆ ಶಾಲೆಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳು ಈಗಲೂ ಇದ್ದಾರೆ. ಪುಸ್ತಕ ಓದಲು ತಡವರಿಸುವ ಹುಡುಗ ರಂಗದಲ್ಲಿ ತಡೆಯಿಲ್ಲದೆ ಅರ್ಥ ಹೇಳುವುದನ್ನು ನೀವೂ ನೋಡಿದ್ದೀರಿ. ಫಿನ್ಲೆಂಡಿನವರು ಕೈಕಸುಬನ್ನು 1866ರಲ್ಲೇ ಶಾಲೆಯ ವಿಷಯವಾಗಿ ಮಾಡಿದರು. ನಾವು ಯಕ್ಷಗಾನವನ್ನು ಪಿಯುಸಿ ಬಂದೊಡನೆ ಬಿಡಿಸುತ್ತೇವೆ.

ಹಾಗೆಂದು ಫಿನ್ಲೆಂಡ್ ದೇವಲೋಕವಲ್ಲ. 2003ರಲ್ಲಿ ಅವರ ಮಕ್ಕಳ ಗಣಿತದ ಪೀಸಾ ಅಂಕ 544, 2022ರಲ್ಲಿ 484. ಅವರೂ ಚಿಂತೆಯಲ್ಲಿದ್ದಾರೆ, 2025ರ ಆಗಸ್ಟಿನಿಂದ ತರಗತಿಯಲ್ಲಿ ಮೊಬೈಲಿಗೆ ಕಾನೂನಿನಿಂದಲೇ ಕಡಿವಾಣ ಹಾಕಿದ್ದಾರೆ. ಬಡ ದೇಶಕ್ಕೆ ಇದೆಲ್ಲ ಆಗದು ಎನ್ನುವವರು ಶ್ರೀಲಂಕಾ ನೋಡಲಿ. ಕನ್ನಂಗರ ಎಂಬ ಶಿಕ್ಷಣ ಮಂತ್ರಿ, ಸ್ವಾತಂತ್ರ್ಯಕ್ಕೂ ಮೊದಲು, 1945ರಲ್ಲೇ ಒಂದನೇ ತರಗತಿಯಿಂದ ವಿಶ್ವವಿದ್ಯಾಲಯದವರೆಗೆ ಉಚಿತ ಶಿಕ್ಷಣ ಕೊಟ್ಟರು. ಒಳ್ಳೆಯ ಶಾಲೆಗಳನ್ನು ಕೊಲಂಬೊದಿಂದ ದೂರ, ಹಳ್ಳಿಗಾಡಿನಲ್ಲಿ ಕಟ್ಟಿಸಿದರು. ಅವರೂ ದೂರದಿಂದಲೇ ಶುರು ಮಾಡಿದರು.

ನನ್ನ ಕೋರಿಕೆ ಇಷ್ಟು. ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ಕೇಳಿ. ನಿಮ್ಮ ಮಕ್ಕಳು ಬೇರೆ ಶಾಲೆಗೆ ಹೋಗುತ್ತಿದ್ದರೂ ಸರಿ, ಆ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಮಕ್ಕಳು ಹೇಳುವುದನ್ನು ಕೇಳಿ. ಯಾವ ಸಂಕ, ಯಾವ ಶಾಲೆ, ಎಷ್ಟು ಶಿಕ್ಷಕರು ಎಂದು ಬರೆದುಕೊಳ್ಳಿ. ಜೂನ್ ತಿಂಗಳ ಮಳೆಗೆ ಮೊದಲು ಆ ಪಟ್ಟಿ ಹಿಡಿದು ಪಂಚಾಯಿತಿಗೂ ಶಿಕ್ಷಣಾಧಿಕಾರಿಗಳ ಕಚೇರಿಗೂ ಒಟ್ಟಾಗಿ ಹೋಗೋಣ, ನಾನೂ ಬರುತ್ತೇನೆ.