ಎದೆಯ ಮೇಲಿನ ಬಿಲ್ಲೆ, ಸಂತೆಯಲ್ಲಿ ಅದರ ಬೆಲೆ

(ಪಕ್ಷದ ಕಾರ್ಯಕರ್ತರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)

ಇಂದಿನ ವಿಷಯ ನಿಮಗೆ ವಿಚಿತ್ರವಾಗಿ ಕಂಡೀತು. ಬೆಲ್ಜಿಯಂ ಎಂಬ ಸಣ್ಣ ದೇಶದಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ಹಿಟ್ಲರನೊಡನೆ ಕೈಗೂಡಿಸಿದ ಪಕ್ಷಗಳು ತಮ್ಮವರಿಗೆ ಹಂಚಿದ ಬಿಲ್ಲೆಗಳನ್ನೂ ಪದಕಗಳನ್ನೂ ಇಂದು ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವ ಹಾಗೆ ಇದೂ ಒಂದು ಹವ್ಯಾಸ. ಯಾರೋ ಏನನ್ನೋ ಕೂಡಿಟ್ಟರೆ ನಮಗೇನು ಎಂದು ನೀವು ಕೇಳಬಹುದು. ನಮಗೆ ಅದರಲ್ಲಿ ಕಲಿಯುವುದಿದೆ. ಸಮಾಜವಾದಿಗಳಾದ ನಮಗೆ ಕಹಿಯಾದ ಪಾಠವೂ ಇದೆ.

ಬೆಲ್ಜಿಯಂನ ಉತ್ತರದಲ್ಲಿ ಡಚ್ಚು ಮಾತಾಡುವ ಫ್ಲೆಮಿಷ್ ಜನ, ದಕ್ಷಿಣದಲ್ಲಿ ಫ್ರೆಂಚ್ ಮಾತಾಡುವ ವಲೂನ್ ಜನ. ಬಹುಕಾಲ ಆಳುವವರ ಭಾಷೆ ಫ್ರೆಂಚ್ ಆಗಿತ್ತು. ಗೆಂಟ್ ನಗರದ ವಿಶ್ವವಿದ್ಯಾಲಯ ಪೂರ್ತಿಯಾಗಿ ಡಚ್ಚಿಗೆ ತಿರುಗಿದ್ದು 1930ರಲ್ಲಿ. ಫ್ಲೆಮಿಷ್ ರೈತನ ನೋವು ಸುಳ್ಳಲ್ಲ, ಅವನ ಬೇಡಿಕೆ ನ್ಯಾಯವಾದದ್ದೇ. ಆ ನ್ಯಾಯದ ಬೇಡಿಕೆಯನ್ನೇ ಹಿಡಿದು 1933ರಲ್ಲಿ ಸ್ಟಾಫ್ ಡ ಕ್ಲೆರ್ಕ್ ಎಂಬಾತ ಫ್ಲೆಮಿಷ್ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದ. ಆತನೂ ನಮ್ಮ ಹಾಗೆ ಶಾಲೆಯಲ್ಲಿ ಪಾಠ ಹೇಳಿದವನು. ಫ್ರೆಂಚ್ ಮಾತಿನ ಕಡೆ ಲೇಯಾನ್ ದೆಗ್ರೆಲ್ ಎಂಬ ಪತ್ರಕರ್ತ ರೆಕ್ಸ್ ಪಕ್ಷವನ್ನು ಹುಟ್ಟುಹಾಕಿದ. ಅವನ ಪ್ರಚಾರದ ಗುರುತು ಪೊರಕೆ: ಲಂಚಕೋರರನ್ನು ಗುಡಿಸಿಹಾಕುತ್ತೇವೆ ಎಂಬ ಕೂಗು. 1936ರ ಚುನಾವಣೆಯಲ್ಲಿ 202 ಸ್ಥಾನಗಳಲ್ಲಿ 21 ಅವನ ಪಾಲಾದವು. 1939ಕ್ಕೆ ಅವು ನಾಲ್ಕಕ್ಕೆ ಇಳಿದವು. ಮತದಾರರು ಎಚ್ಚೆತ್ತಿದ್ದರು. ಆದರೆ 1940ರ ಮೇ 10ರಂದು ಜರ್ಮನ್ ಸೈನ್ಯ ಒಳನುಗ್ಗಿತು, 28ಕ್ಕೆ ದೇಶ ಶರಣಾಯಿತು. ಮತಪೆಟ್ಟಿಗೆಯಲ್ಲಿ ಸಿಗದ ಅಧಿಕಾರ ಪರರ ಬಂದೂಕಿನ ಬೆನ್ನಲ್ಲಿ ಈ ಎರಡೂ ಪಕ್ಷಗಳಿಗೆ ಸಿಕ್ಕಿತು.

ಬಿಲ್ಲೆಗಳ ಹಬ್ಬ ಶುರುವಾದದ್ದು ಆಗ. ಒಕ್ಕೂಟದವರಿಗೆ ವೃತ್ತದೊಳಗಿನ ತ್ರಿಕೋನ, ರೆಕ್ಸಿನವರಿಗೆ ಶಿಲುಬೆ ಮತ್ತು ಕಿರೀಟ. 1941ರಲ್ಲಿ ರಷ್ಯದ ಮೇಲೆ ಯುದ್ಧಕ್ಕೆಂದು ಎರಡೂ ಕಡೆಯಿಂದ ದಳಗಳು ಹೊರಟವು. ಒಂದರ ತೋಳಿನ ಮೇಲೆ ಕರಿಯ ಸಿಂಹ, ಇನ್ನೊಂದರ ತೋಳಿನ ಮೇಲೆ ವಲೂನಿಯ ಎಂಬ ಹೆಸರು. 1944ರ ಆರಂಭದಲ್ಲಿ ಚೆರ್ಕಾಸಿ ಎಂಬಲ್ಲಿ ಸೋವಿಯತ್ ಸೈನ್ಯದ ಸುತ್ತುಗಟ್ಟಿಗೆ ಸಿಕ್ಕ ಸುಮಾರು 2,000 ವಲೂನರಲ್ಲಿ ಹೊರಬಂದವರು 632 ಮಂದಿ. ಸತ್ತವರ ತಾಯಂದಿರಿಗೆ ಕಣ್ಣೀರು, ದೆಗ್ರೆಲ್ ಸಾಹೇಬರ ಕೊರಳಿಗೆ ಹಿಟ್ಲರನ ಶಿಲುಬೆ ಪದಕ.

ಇಂದು ಇವುಗಳ ಬೆಲೆ ಕಟ್ಟುವ ಬಗೆ ನೋಡಿರಿ. ಕೊಳ್ಳುವವನು ಬಿಲ್ಲೆಯನ್ನು ತಿರುವಿ ಹಾಕಿ ಹಿಂಬದಿಯ ಪಿನ್ನು, ಬೆಸುಗೆ, ತಯಾರಕನ ಗುರುತು, ಸದಸ್ಯನ ಸಂಖ್ಯೆ ಹುಡುಕುತ್ತಾನೆ. ಅಚ್ಚಿನಲ್ಲಿ ಒತ್ತಿದ್ದೋ ಎರಕ ಹೊಯ್ದದ್ದೋ ಎಂದು ಭೂತಗನ್ನಡಿ ಹಿಡಿಯುತ್ತಾನೆ. ಎರಕದ ನಕಲಿನಲ್ಲಿ ಅಂಚು ಮೊಂಡಾಗಿರುತ್ತದೆ, ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಯುದ್ಧ ಬೆಳೆದಂತೆ ತಾಮ್ರ ಸಾಲದೆ ಸತುವಿನಲ್ಲಿ ಮಾಡಿದವೂ ಇವೆ. ಬೇಡಿಕೆ ಇದ್ದಲ್ಲಿ ಖೋಟಾ ಮಾಲು ಹುಟ್ಟುವುದು ಬಂಡವಾಳದ ಧರ್ಮ. ಈ ಪೇಟೆಯಲ್ಲೂ ಹಾಗೇ ಆಗಿದೆ. ಹಿಟ್ಲರನ ಎಸ್.ಎಸ್. ಪಡೆಗೆ ಹತ್ತಿರವಾದಷ್ಟೂ ಬೆಲೆ ಏರುತ್ತದೆ. ಪಾಪ ಹೆಚ್ಚಿದ ಹಾಗೆ ಬೆಲೆಯೂ ಹೆಚ್ಚು ಎನ್ನುವ ಪೇಟೆಯನ್ನು ನೀವು ಬೇರೆಲ್ಲಿ ಕಂಡಿದ್ದೀರಿ?

ಇವು ಅಪರೂಪವಾಗಲು ಕಾರಣವೂ ಉಂಟು. 1944ರ ಸೆಪ್ಟೆಂಬರ್ 3ರಂದು ಬ್ರಸೆಲ್ಸ್, ಮರುದಿನ ಆಂಟ್ವರ್ಪ್ ಬಿಡುಗಡೆಯಾದವು. ನಿನ್ನೆ ತನಕ ದರ್ಪ ಕೊಟ್ಟ ಬಿಲ್ಲೆ ಇಂದು ಅಪರಾಧದ ಸಾಕ್ಷಿಯಾಯಿತು. ಅದನ್ನು ಎಸೆದವನು ಜಾಣ, ಇಟ್ಟುಕೊಂಡವನು ಹಠಮಾರಿ. ದೇಶದ್ರೋಹದ ಆಪಾದನೆಯ ಕಡತಗಳು ನಾಲ್ಕು ಲಕ್ಷ ಮೀರಿದವು. 242 ಜನರಿಗೆ ಮರಣದಂಡನೆ ಜಾರಿಯಾಯಿತು. ದೆಗ್ರೆಲ್ ಮಾತ್ರ ಸ್ಪೇನಿಗೆ ಓಡಿ ಫ್ರಾಂಕೋನ ನೆರಳಿನಲ್ಲಿ ಬದುಕಿದ. ಪಶ್ಚಾತ್ತಾಪವಿಲ್ಲದೆ 1994ರಲ್ಲಿ ಸತ್ತ.

ಬಿಲ್ಲೆ ಹೇಳದ ಮಾತೊಂದಿದೆ. 1942ರಲ್ಲಿ ಬೆಲ್ಜಿಯಂನ ಯಹೂದಿಗಳ ಎದೆಗೂ ಒಂದು ಗುರುತು ಬಂತು, ಹಳದಿಯ ನಕ್ಷತ್ರ. ಅದು ಆಯ್ದುಕೊಂಡದ್ದಲ್ಲ, ಹೇರಿದ್ದು. ಬ್ರಸೆಲ್ಸಿನ ನಗರಾಧ್ಯಕ್ಷರು ಅದನ್ನು ಹಂಚಲು ಒಪ್ಪಲಿಲ್ಲ. ಆಂಟ್ವರ್ಪಿನ ಆಡಳಿತ ಹಂಚಿತು. ಮೆಕೆಲೆನ್ ಊರಿನ ದೊಸಾನ್ ಬ್ಯಾರಕ್ಕಿನಿಂದ 1942ರಿಂದ 1944ರ ವರೆಗೆ 25,000ಕ್ಕೂ ಹೆಚ್ಚು ಯಹೂದಿಗಳನ್ನೂ ರೋಮಾ ಜನರನ್ನೂ ರೈಲಿನಲ್ಲಿ ತುಂಬಿ, ಬಹುಪಾಲು ಔಷ್ವಿಟ್ಸಿಗೆ, ಸಾಗಿಸಿದರು. ನೂರಕ್ಕೆ ಐದರಷ್ಟು ಜನ ಹಿಂದಿರುಗಿದರು. ಬ್ರೇಂಡಾಂಕ್ ಕೋಟೆಯ ಸೆರೆಯಲ್ಲಿ ಕೈದಿಗಳನ್ನು ಬಡಿದವರಲ್ಲಿ ಫ್ಲೆಮಿಷ್ ಎಸ್.ಎಸ್. ಕಾವಲುಗಾರರೂ ಇದ್ದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ ಎನಾಮಲ್ ತುಂಡು ಇದನ್ನೆಲ್ಲ ಹೇಳುವುದಿಲ್ಲ.

ಈಗ ನಮ್ಮ ಮನೆಯ ಮಾತು. ಬೆಲ್ಜಿಯಂನ ಕಾರ್ಮಿಕ ಪಕ್ಷಕ್ಕೆ 1939ರಿಂದ ಅಧ್ಯಕ್ಷನಾಗಿದ್ದವನು ಹೆಂಡ್ರಿಕ್ ಡ ಮಾನ್. ನಿರುದ್ಯೋಗದ ದಿನಗಳಲ್ಲಿ, 1933ರಲ್ಲಿ, ದುಡಿಮೆಯ ಯೋಜನೆಯನ್ನು ಬರೆದು ಯೂರೋಪಿನ ಸಮಾಜವಾದಿಗಳಿಂದ ಭೇಷ್ ಎನಿಸಿಕೊಂಡ ಪಂಡಿತ. ಅದೇ ಡ ಮಾನ್ 1940ರ ಜೂನ್ 28ರ ಪ್ರಣಾಳಿಕೆಯಲ್ಲಿ, ಪಾರ್ಲಿಮೆಂಟಿನ ಪದ್ಧತಿ ಕುಸಿದದ್ದು ದುಡಿಯುವ ವರ್ಗಕ್ಕೆ ಬಿಡುಗಡೆಯೇ ಎಂದು ಸಾರಿ, ಪಕ್ಷದ ಕಾಲ ಮುಗಿಯಿತೆಂದ. ಆ ವರ್ಷದ ನವೆಂಬರಿನಲ್ಲಿ ಜರ್ಮನರ ಒಪ್ಪಿಗೆಯಿಂದ ಏಕೈಕ ಕಾರ್ಮಿಕ ಸಂಘ ಎದ್ದಿತು. ಶತ್ರು ಎದುರು ಪಕ್ಷದಿಂದ ಮಾತ್ರ ಬರುತ್ತಾನೆಂದು ನಂಬುವವರು ಈ ತಾರೀಖನ್ನು ಬರೆದಿಟ್ಟುಕೊಳ್ಳಲಿ. ಪ್ರಜಾಸತ್ತೆ ತಡವಾಗುತ್ತದೆ, ಸರ್ವಾಧಿಕಾರಿಯ ಕೈಯಿಂದಲಾದರೂ ಸಮತೆ ಬರಲಿ ಎಂಬ ಆಸೆಯೇ ಅವನನ್ನು ಕೆಡವಿತು.

ಆದರೆ ಅಧ್ಯಕ್ಷ ಬಿದ್ದರೂ ಕಾರ್ಮಿಕ ಬೀಳಲಿಲ್ಲ. ಜರ್ಮನರು ನುಗ್ಗಿ ಸರಿಯಾಗಿ ವರ್ಷ ತುಂಬಿದ 1941ರ ಮೇ 10ರಂದು, ಲೀಯೇಜ್ ಬಳಿಯ ಸೆರೇನಿನಲ್ಲಿ ಕಾಕೆರಿಲ್ ಉಕ್ಕಿನ ಕಾರ್ಖಾನೆಯವರು ಕೆಲಸ ನಿಲ್ಲಿಸಿದರು. ಕೇಳಿದ್ದು ಕೂಲಿ ಮತ್ತು ಹೊಟ್ಟೆಗೆ ಆಹಾರ. ಮುಷ್ಕರ ಗಣಿಗಳಿಗೆ ಹಬ್ಬಿತು. ಇತಿಹಾಸದಲ್ಲಿ ಅದಕ್ಕೆ ಲಕ್ಷ ಜನರ ಮುಷ್ಕರವೆಂದೇ ಹೆಸರು. ಸುಮಾರು ಎಂಟು ದಿನಗಳಲ್ಲಿ ಕೂಲಿ ನೂರಕ್ಕೆ ಎಂಟು ಏರಿತು. ಮುಂದಾಳುಗಳಲ್ಲೊಬ್ಬನಾದ ಕಮ್ಯುನಿಸ್ಟ್ ಜೂಲಿಯೆನ್ ಲಾಹೋನನ್ನು ಹಿಡಿದು ಜರ್ಮನಿಯ ಸೆರೆಶಿಬಿರಕ್ಕೆ ಅಟ್ಟಿದರು. ಬದುಕಿ ಬಂದವನನ್ನು 1950ರಲ್ಲಿ ಅವನ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆತನ ಪಕ್ಷದೊಡನೆ ನಮಗೆ ಜಗಳವಿರಬಹುದು, ಆ ಧೈರ್ಯದೊಡನೆ ಇಲ್ಲ. ಮುಷ್ಕರದ ದಿನಗಳಲ್ಲಿ ಆ ಕೂಲಿಕಾರರಿಗೆ ಯಾರೂ ಪದಕ ಹಂಚಲಿಲ್ಲ. ಹರಾಜು ಹಾಕುವುದಕ್ಕೆ ಅಲ್ಲಿ ಏನೂ ಇಲ್ಲ.

ಹಾಗಾದರೆ ಈ ಬಿಲ್ಲೆಗಳನ್ನೆಲ್ಲ ಕರಗಿಸಿಬಿಡಬೇಕೆ? ನಾವು ಹಾಗೆ ಹೇಳುವುದಿಲ್ಲ. ಸಾಕ್ಷಿಯನ್ನು ಕರಗಿಸಿದರೆ ನಗುವವನು ಅಪರಾಧಿಯೇ. ಕೂಡಿಡುವವರಲ್ಲಿ ನಿಜವಾದ ಇತಿಹಾಸಪ್ರೇಮಿಗಳೂ ಇದ್ದಾರೆ. ಒಂದು ಸಂಖ್ಯೆಯ ಬೆನ್ನು ಹತ್ತಿ ಅದನ್ನು ಧರಿಸಿದವನು ಯಾರು, ಏನು ಮಾಡಿದ ಎಂದು ಹುಡುಕುವವರು. ಅವರಿಗೆ ನಮ್ಮ ವಂದನೆ. ಆದರೆ ಧರಿಸಿದವನನ್ನೂ ಅವನು ಬಡಿದವರನ್ನೂ ಮರೆತು, ಬಣ್ಣಕ್ಕೆ, ಅಪರೂಪಕ್ಕೆ, ಗುಟ್ಟಾದ ಮೆಚ್ಚುಗೆಗೆ ಹಣ ಸುರಿಯುವವನು ಇತಿಹಾಸ ಉಳಿಸುತ್ತಿಲ್ಲ, ಅದನ್ನು ತೊಳೆದು ಚೊಕ್ಕಟ ಮಾಡುತ್ತಿದ್ದಾನೆ. ಇಂಥ ವಸ್ತುಗಳಿಗೆ ಸರಿಯಾದ ಜಾಗ ಸಾರ್ವಜನಿಕರ ಕಣ್ಣೆದುರು. ಬ್ರೇಂಡಾಂಕ್ ಕೋಟೆ 1947ರಿಂದ ರಾಷ್ಟ್ರೀಯ ಸ್ಮಾರಕ; ಮೆಕೆಲೆನ್‌ನಲ್ಲಿ 2012ರಲ್ಲಿ ಹೊಸ ಸಂಗ್ರಹಾಲಯ ತೆರೆಯಿತು. ಬಿಲ್ಲೆಯ ಪಕ್ಕದಲ್ಲಿ ರೈಲು ಹತ್ತಿದವರ ಹೆಸರು ಇರಬೇಕು.

ಸಂಗಾತಿಗಳೇ, ನೀವು ಹಳ್ಳಿಗಳಿಗೆ, ಕಾರ್ಖಾನೆಗಳಿಗೆ ಹೋಗಿ ಸದಸ್ಯರನ್ನು ಸೇರಿಸುವವರು. ನಮ್ಮಲ್ಲೂ ಬಿಲ್ಲೆ ಇದೆ, ಬಾವುಟ ಇದೆ. ಕೊಡುವ ಮುಂಚೆ ಹುಡುಗನಿಗೆ ಮೂರು ಮಾತು ತಿಳಿಸಿರಿ. ಇದನ್ನು ಕೊಟ್ಟವರನ್ನು ಪ್ರಶ್ನಿಸುವ ಹಕ್ಕು ನಿನಗಿದೆ. ಇದನ್ನು ಧರಿಸದ ನೆರೆಯವನಿಗೂ ನಿನ್ನಷ್ಟೇ ಹಕ್ಕಿದೆ. ನಾಯಕ ದಾರಿ ತಪ್ಪಿದ ದಿನ ಇದನ್ನು ಬಿಚ್ಚಿ ಮೇಜಿನ ಮೇಲಿಡುವುದು ದ್ರೋಹವಲ್ಲ. ಈ ಮೂರನ್ನೂ ಒಪ್ಪದ ಪಕ್ಷ ಯಾವ ಬಣ್ಣದ್ದಾದರೂ, ಅದಕ್ಕೆ ಸದಸ್ಯರನ್ನು ಕೂಡಿಸುವುದು ನಮ್ಮ ಕೆಲಸವಲ್ಲ.