ಲಸಿಕೆಯ ದಿನ ತಾಯಿ ಒಬ್ಬಂಟಿಯಾಗದಿರಲಿ

(ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ, ಸಂಗಾತಿಗಳ ಮೇಲೂ ಶಾಂತಿ ಇರಲಿ.

ಇಂದಿನ ನಮ್ಮ ಮಾತು ಎಳೆಯ ಮಕ್ಕಳಿಗೆ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯ ಕುರಿತು. ಮಸೀದಿಯಲ್ಲಿ ಸೂಜಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ಉತ್ತರ ಹೇಳಬೇಕಾಗುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಆ ವಿಚಾರಣೆಯಲ್ಲಿ ಮಗುವಿನ ಆರೋಗ್ಯವೂ ಸೇರಿದೆ.

ಪೋಲಿಯೋ ಹನಿ ಎಲ್ಲ ಮನೆಗಳಿಗೂ ಗೊತ್ತು. ಆದರೆ ತೊಡೆಗೆ ಚುಚ್ಚುವ ಈ ಸೂಜಿ ಯಾವುದಕ್ಕೆಂದು ಕೇಳಿದರೆ ಅನೇಕ ತಾಯಂದಿರಿಗೆ ತಿಳಿದಿರುವುದಿಲ್ಲ. ಅದು ಅವರ ತಪ್ಪಲ್ಲ, ಯಾರೂ ಕೂತು ವಿವರಿಸಿಲ್ಲ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ಮತ್ತು ನ್ಯುಮೋನಿಯಾ, ಮೆದುಳುಜ್ವರ ತರುವ ಹಿಬ್ ಎಂಬ ರೋಗಾಣು, ಹೀಗೆ ಐದರ ವಿರುದ್ಧ ಒಂದೇ ಲಸಿಕೆ ಇದು. ಮಗುವಿಗೆ 6, 10 ಮತ್ತು 14 ವಾರಗಳಾದಾಗ ಮೂರು ಬಾರಿ ಹಾಕಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

"ಇಷ್ಟು ಪುಟ್ಟ ಮಗುವಿಗೆ ಐದು ಮದ್ದು ಒಟ್ಟಿಗೆ ತಡೆದೀತೇ?" ಎಂದು ತಾಯಿ ಕೇಳುತ್ತಾಳೆ. ಕೇಳಲೇಬೇಕಾದ ಪ್ರಶ್ನೆ. ಮೊದಲು ಮೂರು ರೋಗಗಳಿಗೆ ಡಿಪಿಟಿ ಸೂಜಿ ಬೇರೆ, ಹೆಪಟೈಟಿಸ್‌ಗೆ ಬೇರೆ ಇತ್ತು. ಎಲ್ಲವನ್ನೂ ಒಂದರಲ್ಲಿ ಸೇರಿಸಿದ್ದರಿಂದ ಮಗುವಿಗೆ ಚುಚ್ಚುವ ನೋವು ಕಡಿಮೆಯಾಯಿತು. ಒಂದೆರಡು ದಿನ ಜ್ವರ, ಚುಚ್ಚಿದಲ್ಲಿ ಬಾವು ಬರುವುದು ಸಾಮಾನ್ಯ. ಆರೋಗ್ಯ ಸಹಾಯಕಿ ಹೇಳಿದ ಪ್ರಮಾಣದಲ್ಲಿ ಜ್ವರದ ಔಷಧಿ ಕೊಟ್ಟರೆ ಸಾಕು. ಆ ಜಾಗಕ್ಕೆ ಎಣ್ಣೆ, ಅರಿಶಿನ ಹಚ್ಚಬೇಡಿ, ತಿಕ್ಕಬೇಡಿ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಜ್ವರ ವಿಪರೀತವಾದರೆ, ಫಿಟ್ಸ್ ಬಂದರೆ, ಮಗು ಅಳು ನಿಲ್ಲಿಸದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಹೆಚ್ಚಾಗಿ ತಪ್ಪುವುದು ಎರಡನೇ, ಮೂರನೇ ಸೂಜಿ. ಬಾಣಂತಿಯ ನಲವತ್ತು ದಿನ ಮುಗಿಯುವ ಹೊತ್ತಿಗೇ ಮೊದಲ ಸೂಜಿಯ ಸಮಯ ಬರುತ್ತದೆ. ಆಗ ಆಕೆ ತವರಿನಲ್ಲಿರುತ್ತಾಳೆ. ನಂತರ ಗಂಡನ ಮನೆಗೆ ಬರುತ್ತಾಳೆ, ತಾಯಿ ಕಾರ್ಡ್ ತವರಿನ ಕಪಾಟಿನಲ್ಲೇ ಉಳಿಯುತ್ತದೆ. ಮೊದಲ ಸಲ ರಾತ್ರಿಯಿಡೀ ಅತ್ತ ಮಗುವನ್ನು ನೆನೆದು ಅತ್ತೆ, "ಇನ್ನು ಬೇಡ" ಎನ್ನುತ್ತಾರೆ. ಗಂಡ ಕೆಲಸದ ಮೇಲೆ ಹೊರಗೆ. ಜ್ವರ ಬಂದರೆ ಎಲ್ಲರೂ ಬಯ್ಯುವುದು ತಾಯಿಯನ್ನು. ಹೀಗಿರುವಾಗ ಆಕೆ ಯಾವ ಧೈರ್ಯದಿಂದ ಮತ್ತೆ ಹೊರಡಬೇಕು?

ಸಹೋದರರೇ, ಮಗುವಿಗೆ ಎದೆಹಾಲು ಬಿಡಿಸುವ ವಿಷಯದಲ್ಲೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ, ಒಪ್ಪಿ ನಿರ್ಧರಿಸಬೇಕೆಂಬ ಮಾರ್ಗದರ್ಶನ ಸೂರಃ ಅಲ್ ಬಕರಃದಲ್ಲಿದೆ. ಹಾಲಿನ ವಿಷಯದಲ್ಲೇ ಹೀಗಿರುವಾಗ ಜೀವದ ವಿಷಯದಲ್ಲಿ ತಂದೆ ಹೇಗೆ ದೂರ ನಿಂತಾನು?

"ಅಲ್ಲಾಹನ ಮೇಲೆ ಭರವಸೆ ಸಾಕು, ಸೂಜಿ ಯಾಕೆ?" ಎನ್ನುವವರಿದ್ದಾರೆ. ಒಂಟೆಯನ್ನು ಬಿಟ್ಟು ತವಕ್ಕುಲ್ ಇಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ) ಮೊದಲು ಅದನ್ನು ಕಟ್ಟಲು ಹೇಳಿದರು. ಹಜ್‌ಗೆ ಹೊರಡುವವರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕೆಂಬುದು ಸೌದಿ ಸರಕಾರದ ನಿಯಮ. ನಾವು ತೋಳು ಚಾಚಿ ಹಾಕಿಸಿಕೊಳ್ಳುತ್ತೇವೆ. ನಮಗೆ ತವಕ್ಕುಲ್‌ಗೆ ಅಡ್ಡಿಯಾಗದ ಸೂಜಿ ಮಗುವಿಗೆ ಮಾತ್ರ ಅಡ್ಡಿಯಾಗುವುದೇ? ಲಸಿಕೆಯಿಂದ ಸಂತಾನಶಕ್ತಿ ಹೋಗುತ್ತದೆಂಬ ಗಾಳಿಮಾತಿಗೆ ಯಾವ ಆಧಾರವೂ ಇಲ್ಲ. ಪೋಲಿಯೋ ಹನಿಯ ಬಗ್ಗೆಯೂ ಇದೇ ಮಾತು ಹಬ್ಬಿತ್ತು. ಉತ್ತರ ಪ್ರದೇಶದಲ್ಲಿ ಉಲಮಾಗಳು, ಇಮಾಮರು ಮುಂದೆ ಬಂದು ಜನರಿಗೆ ತಿಳಿಹೇಳಿದರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಇನ್ನೊಂದೆಡೆ, 2016ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲುಮಾರಿ ಮರಳಿ ಬಂದು ಮಕ್ಕಳ ಜೀವ ತೆಗೆಯಿತು. ರೋಗ ಎಲ್ಲಿಗೂ ಹೋಗಿಲ್ಲ, ಲಸಿಕೆ ತಪ್ಪಿದ ಮನೆಗಾಗಿ ಕಾಯುತ್ತಿದೆ.

ಇಲ್ಲಿ ಕುಳಿತಿರುವವರು ಗಂಡಸರು, ಮಗುವನ್ನೆತ್ತಿಕೊಂಡು ಹೋಗುವವರು ತಾಯಂದಿರು. ಆದ್ದರಿಂದ ಈ ಮಾತನ್ನು ಮನೆಗೆ ಒಯ್ಯಿರಿ. ಇಂದೇ ತಾಯಿ ಕಾರ್ಡ್ ತೆರೆದು ನೋಡಿ. ಮೊದಲ ಸೂಜಿ ಆಗಿ ನಂತರದ್ದು ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಮುಂದುವರಿಸಿದರಾಯಿತು. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಸಣ್ಣ ನೆಗಡಿಗಾಗಿ ದಿನ ಮುಂದೂಡಬೇಡಿ. ಆ ದಿನ ಅರ್ಧ ದಿನ ರಜೆ ಹಾಕಿ ಪತ್ನಿಯ ಜೊತೆ ಹೋಗಿ. ರಾತ್ರಿ ಮಗು ಅತ್ತರೆ ಸ್ವಲ್ಪ ಹೊತ್ತು ನೀವೂ ಎತ್ತಿಕೊಳ್ಳಿ. ಅಮ್ಮನಿಗೆ ಪತ್ನಿಯ ಬದಲು ನೀವೇ ತಿಳಿಹೇಳಿ. ಗಲ್ಫ್‌ನಲ್ಲಿರುವವರು ಫೋನಿನಲ್ಲಾದರೂ ಮನೆಯವರಿಗೆ ಹೇಳಿ, ನಿರ್ಧಾರದ ಹೊಣೆಯನ್ನು ಹಂಚಿಕೊಳ್ಳಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ತಾಯಂದಿರಿಗೆ ನೆಮ್ಮದಿಯನ್ನೂ ನಮಗೆ ಅಮಾನತನ್ನು ಕಾಪಾಡುವ ತೌಫೀಕನ್ನೂ ಕರುಣಿಸಲಿ. ಆಮೀನ್.