ಪಂಪ್‌ಹೌಸಿನ ಪುಟ್ಟ ಕಾರ್ಡು

ಬಿಳಿಚೋಡಿನ ಸುತ್ತಮುತ್ತಲಿನ ಬಯಲಿನಲ್ಲಿ ಕೆರೆಗೆ ನೀರು ಬಂದಿತೆಂಬ ಸುದ್ದಿಗಿಂತ ಸಿಹಿಯಾದುದು ಬೇರೊಂದಿಲ್ಲ. ತುಂಗಭದ್ರೆಯ ನೀರನ್ನು ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಎತ್ತಿ, ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯನ್ನು ಶ್ರೋತೃಗಳು ಬಲ್ಲಿರಿ. ಇಂಥ ದೊಡ್ಡ ಪಂಪ್‌ಹೌಸುಗಳಲ್ಲಿ ಯಾವ ಮೋಟಾರು ಎಂದು ಓಡಬೇಕು, ಯಾವ ವಾಲ್ವು ಎಂದು ಮುಚ್ಚಬೇಕು ಎಂಬುದನ್ನು ಇಂದು ಸಾಮಾನ್ಯವಾಗಿ ನಡೆಸುವುದು ಪಿ.ಎಲ್.ಸಿ. ಎಂಬ ನಿಯಂತ್ರಕ. ಅಂಗೈಯಲ್ಲಿ ಹಿಡಿಸುವಂಥ ಪೆಟ್ಟಿಗೆಗಳೂ ಉಂಟು.

ಈ ಪೆಟ್ಟಿಗೆಯೊಳಗೆ ಎರಡು ಬಗೆಯ ವಿದ್ಯೆ ಇರುತ್ತದೆ. ನೊಗ ಹೊತ್ತು ನಡೆಯಲು ಎತ್ತನ್ನು ಪಳಗಿಸಿರುತ್ತೇವಲ್ಲವೆ? ಫರ್ಮ್‌ವೇರ್ ಎಂಬುದು ಆ ಪಳಗಿಕೆ. ಇಂದು ಯಾವ ಹೊಲ, ಎಷ್ಟು ಸಾಲು ಎಂಬ ಯಜಮಾನನ ಮಾತು ಪ್ರೋಗ್ರಾಮು. ತಯಾರಕರು ಲೋಪ ತಿದ್ದಿ, ಭದ್ರತೆ ಹೆಚ್ಚಿಸಿ, ಆಗಾಗ ಹೊಸ ಫರ್ಮ್‌ವೇರ್ ಕೊಡುತ್ತಾರೆ. ಅದನ್ನು ತುಂಬುವ ಒಂದು ಹಾದಿ ಮೆಮೊರಿ ಕಾರ್ಡು.

ಸೀಮೆನ್ಸ್ ಕಂಪನಿಯ ಎಸ್‌7-1200 ಎಂಬ ಮಾದರಿಯನ್ನೇ ನೋಡೋಣ. ಅಂಗಡಿಯಲ್ಲಿ ಸಿಗುವ ಯಾವುದೋ ಕಾರ್ಡು ಅದಕ್ಕೆ ನಡೆಯದು, ಕಂಪನಿಯದೇ ಬೇಕು. ಅದನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದಿರೋ, ಕಾರ್ಡು ಕೆಟ್ಟಿತು. ಅದರೊಳಗಿನ ಗುಪ್ತ ಕಡತಗಳನ್ನೂ ಅಳಿಸಬಾರದು. ಪೆಟ್ಟಿಗೆಯ ಮೇಲಿನ ಆರ್ಡರ್ ಸಂಖ್ಯೆಗೆ ಹೊಂದುವ ಕಡತವನ್ನೇ ತರಬೇಕು. 3ನೆಯ ಆವೃತ್ತಿಯ ಪೆಟ್ಟಿಗೆಯನ್ನು 4ನೆಯ ಆವೃತ್ತಿಗೆ ಏರಿಸಲಾಗದು. ಅದಕ್ಕೆ ಹೊಸ ಪೆಟ್ಟಿಗೆಯೇ ಗತಿ.

ನಿಜವಾದ ಅಪಾಯ ಇರುವುದು ಬೇರೆಡೆ. ನಿಯಂತ್ರಕ ಓಡುತ್ತಿರುವಾಗ ಕಾರ್ಡು ತೂರಿಸಿದರೆ ಅದು ಆ ಕ್ಷಣವೇ ನಿಲ್ಲುತ್ತದೆ. ಪಂಪುಗಳು ಒಮ್ಮೆಲೇ ನಿಂತರೆ ಏರು ಕೊಳವೆಯಲ್ಲಿ ಎತ್ತರಕ್ಕೆ ಏರುತ್ತಿದ್ದ ನೀರಿನ ಕಂಬ ಹಿಂದಕ್ಕೆ ಅಪ್ಪಳಿಸುತ್ತದೆ. ಆ ಪೆಟ್ಟಿಗೆ ಕೊಳವೆ ಒಡೆದುದೂ ಉಂಟು. ಆದುದರಿಂದ ಮೊದಲು ಹೊರಹರಿವಿನ ವಾಲ್ವನ್ನು ನಿಧಾನವಾಗಿ ಮುಚ್ಚಿ, ಮೋಟಾರುಗಳನ್ನು ನಿಲ್ಲಿಸಿ, ಅವುಗಳ ವಿದ್ಯುತ್ತನ್ನು ಬೇರ್ಪಡಿಸಿ, ಆಮೇಲೆ ಕಾರ್ಡಿನ ಮಾತು. ಪ್ರೋಗ್ರಾಮು ಸಾಧಾರಣವಾಗಿ ಹಾಗೆಯೇ ಉಳಿಯುತ್ತದೆ. ಆದರೂ ಅದರ ಪ್ರತಿಯೊಂದು ಕಂಪ್ಯೂಟರಿನಲ್ಲಿರದೆ ಈ ಕೆಲಸಕ್ಕೆ ಕೈಹಾಕುವವರನ್ನು ನಾನಂತೂ ಧೈರ್ಯಶಾಲಿಗಳೆಂದು ಕರೆಯಲಾರೆ.

ಕಾರ್ಡು ಹಾಕಿದ ಮೇಲೆ ನಿಯಂತ್ರಕದ ವಿದ್ಯುತ್ತನ್ನು ಆರಿಸಿ ಮತ್ತೆ ಹಚ್ಚಬೇಕು. ಆಗ ರನ್-ಸ್ಟಾಪ್ ದೀಪ ಹಸಿರು, ಹಳದಿಯಾಗಿ ಮಿನುಗುತ್ತದೆ. ಈ ಹೊತ್ತಿನಲ್ಲಿ ವಿದ್ಯುತ್ತು ಹೋಗಬಾರದು. ನಮ್ಮ ಹಳ್ಳಿಗಳ ಕರೆಂಟಿನ ಚಾಳಿ ಬಲ್ಲವರು ಯು.ಪಿ.ಎಸ್. ಇಲ್ಲದೆ ಆರಂಭಿಸರು. ದೀಪ ಹಳದಿಯಾಗಿ ನಿಂತು, ಮೇಂಟ್ ಎಂಬ ದೀಪ ಮಿನುಗಿದರೆ ಕೆಲಸ ಮುಗಿಯಿತು. ಕಾರ್ಡನ್ನು ತೆಗೆದು ಮತ್ತೊಮ್ಮೆ ಆರಿಸಿ ಹಚ್ಚಬೇಕು.

ಇದಕ್ಕೆಲ್ಲ ತಕ್ಕ ಕಾಲ ಯಾವುದು? ನದಿ ತುಂಬಿ, ಹಗಲಿರುಳು ನೀರೆತ್ತುವ ಮಳೆಗಾಲವಂತೂ ಅಲ್ಲ. ಹೊಳೆ ಬತ್ತಿ ಪಂಪುಗಳು ಸುಮ್ಮನಿರುವ ಬೇಸಿಗೆಯಲ್ಲಿ ಮುಗಿಸಿಕೊಳ್ಳಬೇಕು. ಮತ್ತೆ ನೀರು ಬಂದಾಗ ಮೊದಲು ಒಂದೇ ಪಂಪನ್ನು ಓಡಿಸಿ, ಒತ್ತಡದ ಮುಳ್ಳನ್ನು ನೋಡುತ್ತ ನಿಂತು, ವಾಲ್ವುಗಳು ಮೊದಲಿನಂತೆಯೇ ತೆರೆದು ಮುಚ್ಚುವುದನ್ನು ಕಂಡ ಬಳಿಕ ಉಳಿದ ಪಂಪುಗಳನ್ನು ಹಚ್ಚಿದರಾಯಿತು.